ಬೀರುವಿನಲ್ಲಿ ನಮ್ಮ ಶನಿವಾರಗಳು

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದೆ. ದುಃಖವಾಗಲಿಲ್ಲ. ಮನಸ್ಸಿಗೆ ಮೊದಲು ಬಂದದ್ದು ಒಂದು ಪ್ರಶ್ನೆ: ಬೀರುವಿನ ಕೀಲಿ ಈಗ ಯಾರ ಹತ್ತಿರ ಇದೆ? ಚಿತ್ರಾನ್ನ ಪೂರ್ತಿ ತಿಂದೆ.

ವಾರ ಕಳೆದ ಮೇಲೆ ಅವರ ಮಗಳು ಫೋನ್ ಮಾಡಿದರು. ಹಳೆಯ ವಿದ್ಯಾರ್ಥಿಗಳೆಲ್ಲ ಮೇಡಂ ಬಗ್ಗೆ ಒಂದೆರಡು ಪುಟ ಬರೆದು ಕಳಿಸುತ್ತಿದ್ದಾರೆ, ಸೇರಿಸಿ ಪುಸ್ತಕ ಮಾಡಿ ಶ್ರದ್ಧಾಂಜಲಿ ಸಭೆಯಲ್ಲಿ ಹಂಚುತ್ತೇವೆ, ನೀನೂ ಬರಿ ಎಂದರು. "ನಿಮ್ಮ ತಂದೆ ಹತ್ರಾನೇ ಪ್ರಿಂಟ್ ಹಾಕ್ಸಿ ಬೈಂಡ್ ಮಾಡಿಸ್ತೀನಿ. ಅಮ್ಮನಿಗೂ ಅದೇ ಇಷ್ಟ ಆಗ್ತಿತ್ತು. ಬಂದಿದ್ದನ್ನ ಬಂದ ಹಾಗೆ ಹಾಕಿಬಿಡಿ, ನನಗೆ ಕೂತು ನೋಡೋಕ್ಕೆ ಟೈಮಿಲ್ಲ. ಒಂದೇ ಒಂದು: ಅಮ್ಮನ ಪೂರ್ತಿ ಹೆಸರು ಬರೀಬೇಕು. ಇನಿಷಿಯಲ್ ಬಿಡಬೇಡ. ಇನಿಷಿಯಲ್ ಬಿಟ್ರೆ ಅವಳು ಎಷ್ಟು ಕೂಗಾಡ್ತಿದ್ದಳು, ಗೊತ್ತಲ್ಲ."

ಗೊತ್ತು. ಆದರೂ ಅವರ ಹೆಸರನ್ನು ನಾನು ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಕಾರಣ ಮುಂದೆ ಬರುತ್ತದೆ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡಬೇಕು. ನಾನು ಇತಿಹಾಸ ಪಾಠ ಮಾಡುವವಳು. ಒಬ್ಬನೇ ಸಾಕ್ಷಿ ಇರುವ ಕಡೆ, ಅದರಲ್ಲೂ ಆ ಸಾಕ್ಷಿಗೆ ಸಿಟ್ಟು ಇರುವ ಕಡೆ, ಹುಷಾರಾಗಿರಿ ಎಂದು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. ಇಲ್ಲಿ ಸಾಕ್ಷಿ ನಾನು. ಸಿಟ್ಟು ಇದೆ. ಹದಿಮೂರನೇ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ ಎಂಬುದೊಂದೇ ನನ್ನ ಪರವಾದ ಆಧಾರ. ಆ ಅಭ್ಯಾಸ ಹಚ್ಚಿದವರೂ ಅವರೇ ಎಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಪದ್ಮನಾಭನಗರದಲ್ಲಿ ಅವರದು ಎರಡಂತಸ್ತಿನ ಮನೆ. ಕೆಳಗೆ ಕಾರ್ ಶೆಡ್ಡಿನಲ್ಲಿ ನನ್ನ ತಂದೆಯ ಜೆರಾಕ್ಸ್ ಅಂಗಡಿ. ಮೇಲಿನ ಹಾಲಿನಲ್ಲಿ ಮೇಡಂ ಕ್ಲಾಸು. ಮಹಿಳಾ ಕಾಲೇಜೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರು ಕೆಲಸ ಬಿಟ್ಟು ಅದನ್ನು ಶುರು ಮಾಡಿದ್ದರು. ಸುತ್ತಲಿನ ಟ್ಯೂಷನ್ನುಗಳಲ್ಲಿ ಗಣಿತವೋ ಭೌತಶಾಸ್ತ್ರವೋ ಇರುತ್ತಿತ್ತು. ಮೇಡಂ ಯಾವ ವಿಷಯವನ್ನೂ ಹೇಳಿಕೊಡುತ್ತಿರಲಿಲ್ಲ. ಸಮುದ್ರದಾಚೆಯ, ಬೆರಳೆಣಿಕೆಯ ಮಕ್ಕಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವ ದೊಡ್ಡ ವಿಶ್ವವಿದ್ಯಾಲಯಗಳಿಗೆ ಎಂಟನೇ ತರಗತಿಯಿಂದಲೇ ಮಕ್ಕಳನ್ನು ತಯಾರು ಮಾಡುತ್ತಿದ್ದರು. ಆ ವಿಶ್ವವಿದ್ಯಾಲಯಗಳ ಹೆಸರನ್ನು ಅವರ ಬಾಯಲ್ಲಿ ಕೇಳಿದ ನೆನಪಿಲ್ಲ. "ಅಲ್ಲಿ" ಎನ್ನುತ್ತಿದ್ದರು. "ಅಲ್ಲಿ ಮಾರ್ಕ್ಸ್ ಯಾರಿಗೆ ಬೇಕು? ಮಾರ್ಕ್ಸು ಎಲ್ಲರ ಹತ್ರಾನೂ ಇರುತ್ತೆ." "ಅಲ್ಲಿಗೆ ಹೋಗೋ ಮುಖಾನಾ ಅದು?" ಹಾಗೆನ್ನುವಾಗ ಗಲ್ಲ ಎತ್ತಿ ಬನಶಂಕರಿ ಬಸ್ ಸ್ಟ್ಯಾಂಡಿನ ದಿಕ್ಕಿಗೆ ನೋಡುತ್ತಿದ್ದರು. ಬಹಳ ದಿನ ನನಗೆ ಅಮೆರಿಕ ಬಸ್ ಸ್ಟ್ಯಾಂಡಿನ ಹಿಂದೆಯೇ ಎಲ್ಲೋ ಇದೆ ಎನಿಸುತ್ತಿತ್ತು.

ಕುಳ್ಳಗೆ, ಗಟ್ಟಿಯಾಗಿದ್ದರು. ತೀರಿಹೋದ ಗಂಡನ ಕೈಗಡಿಯಾರವನ್ನು ಕಟ್ಟುತ್ತಿದ್ದರು. ಅದು ಸಡಿಲವಾಗಿ ಮೊಣಕೈಯತ್ತ ಜಾರುತ್ತಿತ್ತು. ಮುಖ್ಯವಾದದ್ದೇನಾದರೂ ಹೇಳುವ ಮುಂಚೆ ಅದನ್ನು ಮಣಿಕಟ್ಟಿಗೆ ಎಳೆದುಕೊಳ್ಳುತ್ತಿದ್ದರು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಸೀರೆಗೆ ಹಾಕುತ್ತಿದ್ದ ಗಂಜಿ ಎಷ್ಟೆಂದರೆ, ಅವರು ಮೆಟ್ಟಿಲಿಳಿಯುವುದು ಕೆಳಗೆ ಅಂಗಡಿಗೆ ಕೇಳಿಸುತ್ತಿತ್ತು. ಆ ಸರಭರ ಕೇಳಿದ ಕೂಡಲೇ ಅಪ್ಪ ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದರು.

"ಏನ್ರೀ ಜೆರಾಕ್ಸ್‌ನೋರೇ, ಮೂರು ಸೆಟ್ಟು. ಸ್ಟೇಪ್ಲರ್ ಪಿನ್ನು ಮೂಲೆಗೆ ಹೊಡೀರಿ, ಹೋದ್ಸಲದ ಹಾಗೆ ಅಕ್ಷರದ ಮೇಲೆ ಹೊಡೀಬೇಡಿ."

ಇಪ್ಪತ್ತು ವರ್ಷಕ್ಕೂ ಮೇಲೆ ತಮ್ಮ ಶೆಡ್ಡಿನಲ್ಲಿ ಬಾಡಿಗೆಗಿದ್ದ ಮನುಷ್ಯನನ್ನು ಅವರು ಕರೆದದ್ದು ಹಾಗೆಯೇ. ಜೆರಾಕ್ಸ್‌ನೋರು.

ನಾನು ಅವರ ಕ್ಲಾಸಿಗೆ ಸೇರಿದ್ದು ಹೀಗೆ. ಜೆರಾಕ್ಸ್ ಅಂಗಡಿಯಲ್ಲಿ ದಿನಕ್ಕೊಂದು ಕಟ್ಟು ಹಾಳೆ ವೇಸ್ಟ್ ಆಗುತ್ತದೆ. ಓರೆ ಬಂದದ್ದು, ಕಪ್ಪಾದದ್ದು, ಅರ್ಧ ಮಾತ್ರ ಮೂಡಿದ್ದು. ಅವುಗಳ ಬೆನ್ನು ಖಾಲಿ ಇರುತ್ತದಲ್ಲ, ಅಪ್ಪ ಅವನ್ನು ಜೋಡಿಸಿ, ಮಡಚಿ, ಸೂಜಿ ದಾರದಿಂದ ಹೊಲಿದು ನನಗೆ ರಫ್ ನೋಟ್‌ಬುಕ್ ಮಾಡಿಕೊಡುತ್ತಿದ್ದರು. ನಾನು ಲೆಕ್ಕ ಮಾಡಿದ್ದು, ಪ್ರಬಂಧ ಬರೆದದ್ದು ಎಲ್ಲ ಯಾರ್ಯಾರದೋ ಕ್ರಯಪತ್ರ, ಅಂಕಪಟ್ಟಿ, ಮರಣ ಪ್ರಮಾಣಪತ್ರಗಳ ಬೆನ್ನ ಮೇಲೆ. ಬರೆದು ಬೇಜಾರಾದರೆ ಹಾಳೆ ಮಗುಚಿ ಮುಂಬದಿ ಓದುತ್ತಿದ್ದೆ. ಶಾಲೆಯಲ್ಲಿ ಬಾರದ ಇಂಗ್ಲಿಷ್ ಅಲ್ಲಿಂದ ಬಂತು. ಏಳನೇ ತರಗತಿಯ ರಜೆಯಲ್ಲಿ ಒಂದು ದಿನ ಮೇಡಂ ನನ್ನ ಕೈಯಲ್ಲಿದ್ದ ಹಾಳೆ ನೋಡಿದರು.

"ಇದು ಗಿಫ್ಟ್ ಡೀಡು, ದಾನಪತ್ರ. ಓದ್ತಿದ್ದೀಯಾ?"

"ಹೂಂ ಮೇಡಂ. ಇವರ ತಮ್ಮನಿಗೆ ಏನೂ ಸಿಗಲ್ಲ, ಪಾಪ."

ಅವರು ಗಡಿಯಾರ ಎಳೆದುಕೊಂಡರು. "ಜೆರಾಕ್ಸ್‌ನೋರೇ, ಈ ಹುಡುಗೀನ ಶನಿವಾರದಿಂದ ಮೇಲೆ ಕಳ್ಸಿ. ಫೀಸು ಗೀಸು ಏನೂ ಬೇಡ."

ಅಪ್ಪ ಕೈ ಮುಗಿದರು. ನಾನು ಆವತ್ತು ಅನ್ನ ಬಿಟ್ಟು ಕುಣಿದೆ ಎಂದು ಅಮ್ಮ ಹೇಳುತ್ತಾರೆ. ನನಗೆ ನೆನಪಿಲ್ಲ. ನೆನಪಿಲ್ಲದಿರುವುದೇ ವಾಸಿ.

ಶನಿವಾರ ಅವರ ಕ್ಲಾಸಿನ ಜೀವಾಳ. ಪ್ರತಿಯೊಬ್ಬರಿಗೂ ಒಂದು ದಪ್ಪ ನೋಟ್‌ಬುಕ್. ಆ ವಾರ ನಿಜವಾಗಿ ನಡೆದ ಒಂದು ಸಂಗತಿಯನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕು. ಅಲ್ಲಿಗೆ ಅರ್ಜಿ ಹಾಕುವಾಗ, ನಿನ್ನ ಬದುಕನ್ನು ರೂಪಿಸಿದ ಘಟನೆ ಯಾವುದು ಎಂದು ಕೇಳುತ್ತಾರಂತೆ. "ಹದಿನೇಳು ವರ್ಷದ ಹುಡುಗರನ್ನ ಕೂರಿಸಿ ಬರಿ ಅಂದ್ರೆ ಬೆಳಿಗ್ಗೆ ತಿಂದ ದೋಸೆನೂ ನೆನಪಿರಲ್ಲ. ಈಗಿಂದಾನೇ ಕೂಡಿಡ್ಬೇಕು" ಎನ್ನುತ್ತಿದ್ದರು. ಕೆಂಪು ಪೆನ್ನಿನಿಂದ ಓದುತ್ತಿದ್ದರು. ಒಂದು ಟಿಕ್ ಹಾಕಿದರೆ ಇರಲಿ ಎಂದು. ಎರಡಾದರೆ ನೋಡೋಣ. ಮೂರು ಹಾಕಿದರೆ ಅದು ಅಲ್ಲಿಗೆ ಹೋಗುವಂಥದ್ದು. ಓದಿದ ಮೇಲೆ ನೋಟ್‌ಬುಕ್ಕುಗಳು ಸ್ಟೀಲ್ ಬೀರುವಿಗೆ ಹೋಗುತ್ತಿದ್ದವು. ಕೀಲಿ ಅವರ ಸೊಂಟದಲ್ಲಿ. ಮನೆಗೆ ಕೊಡುತ್ತಿರಲಿಲ್ಲ. "ಮನೇಲಿಟ್ರೆ ನಿಮ್ಮಮ್ಮಂದಿರು ಹಳೇ ಪೇಪರಿಗೆ ಹಾಕ್ತಾರೆ."

ಅವರು ಕಲಿಸುತ್ತಿದ್ದದ್ದು ಒಂದೇ ಪದದಲ್ಲಿ. "ಆಮೇಲೆ?"

"ಬಸ್ಸಲ್ಲಿ ಒಬ್ಬ ಅಜ್ಜಿ ಬಿದ್ದರು ಮೇಡಂ."

"ಆಮೇಲೆ?"

"ನಾನು ಎತ್ತಿದೆ."

"ಆಮೇಲೆ?"

"ಆಮೇಲೆ ಏನಿಲ್ಲ ಮೇಡಂ, ಅವರು ಬನಶಂಕರೀಲಿ ಇಳಿದ್ರು."

"ಏನಿಲ್ಲ ಅಂದ್ರೆ ಅಲ್ಲಿಯವರು ಸೀಟ್ ಯಾಕೆ ಕೊಡ್ತಾರೆ? ಯೋಚ್ನೆ ಮಾಡು. ಏನೋ ಆಗಿರುತ್ತೆ, ನಿನಗೆ ಮರ್ತಿರುತ್ತೆ."

ಮುಂದಿನ ವಾರದ ಹೊತ್ತಿಗೆ ಅಜ್ಜಿ ಆ ಹುಡುಗಿಯ ಕೈ ಹಿಡಿದು ತಮ್ಮ ಇಡೀ ಬದುಕಿನ ಕಥೆ ಹೇಳಿರುತ್ತಿದ್ದರು. ಸುಳ್ಳು ಬರಿ ಎಂದು ಮೇಡಂ ಒಮ್ಮೆಯೂ ಹೇಳಲಿಲ್ಲ. ಇದು ಅವರ ಪರವಾಗಿ ಹೇಳಬೇಕಾದ ಮಾತು, ಅವರ ವಿರುದ್ಧವಾಗಿಯೂ.

ಅವರನ್ನು ಹುಡುಕಿಕೊಂಡು ಜಯನಗರದಿಂದ, ಜೆ.ಪಿ. ನಗರದಿಂದ ತಾಯಂದಿರು ಬರುತ್ತಿದ್ದರು. ಒಬ್ಬರು ಐದನೇ ತರಗತಿಯ ಮಗಳನ್ನು ಕರೆತಂದು, "ಮೇಡಂ, ಇವಳಿಗೆ ಕಷ್ಟ ಅಂತ ಏನೂ ಬಂದೇ ಇಲ್ಲ. ಏನ್ ಬರೀತಾಳೆ ಅಂತಾನೇ ಯೋಚ್ನೆ" ಎಂದದ್ದನ್ನು ನಾನೇ ಕೇಳಿದ್ದೇನೆ.

"ಮನೇಲಿ ಅಜ್ಜಿ ಇದ್ದಾರಾ?"

"ಇದ್ದಾರೆ. ಗಟ್ಟಿಮುಟ್ಟಾಗಿದ್ದಾರೆ."

"ಅಜ್ಜಿಗೆ ಇವಳನ್ನ ಕಂಡ್ರೆ ಆಗುತ್ತಾ?"

"ಅಯ್ಯೋ, ಪ್ರಾಣ."

"ಹಾಗಿದ್ರೆ ಬಿಡಿ. ಇನ್ನೂ ಏಳು ವರ್ಷ ಇದೆಯಲ್ಲ, ನೋಡೋಣ."

ಆ ತಾಯಿ ಸಮಾಧಾನವಾಗಿ ಮೆಟ್ಟಿಲಿಳಿದು ಹೋದರು. ಅಜ್ಜಿ ಏನಾದರೋ ತಿಳಿಯದು.

ಒಂದು ಭಾನುವಾರ ಬೆಳಿಗ್ಗೆ ನಮ್ಮನ್ನೆಲ್ಲ ಮಡಿವಾಳ ಕೆರೆಗೆ ಕರೆದುಕೊಂಡು ಹೋದರು. ಕೆರೆ ದಂಡೆಯ ಪ್ಲಾಸ್ಟಿಕ್ ಆರಿಸುವುದು, ಫೋಟೋ ತೆಗೆಸುವುದು. ಹೋಗಿ ನೋಡಿದರೆ ಹಿಂದಿನ ದಿನವೇ ಯಾರೋ ಗುಡಿಸಿ ಹೋಗಿದ್ದರು. ಹನ್ನೆರಡು ಮಕ್ಕಳು ಗ್ಲೌಸು ಹಾಕಿಕೊಂಡು ಸುಮ್ಮನೆ ನಿಂತೆವು. ಮೇಡಂ ಗಡಿಯಾರ ಎಳೆದುಕೊಂಡು ಗೇಟಿನ ಹತ್ತಿರ ಗುಡ್ಡೆ ಹಾಕಿದ್ದ ಕಸದ ಚೀಲಗಳನ್ನು ನೋಡಿದರು. ಎರಡು ಚೀಲ ತಂದು ದಂಡೆಯುದ್ದಕ್ಕೂ ಸುರಿದೆವು. ಆಮೇಲೆ ಆರಿಸಿದೆವು. ಫೋಟೋ ಚೆನ್ನಾಗಿ ಬಂತು. ಈ ಕಥೆಯನ್ನು ನಾನು ಸ್ನೇಹಿತರಿಗೆ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಹೇಳುವಾಗಲೆಲ್ಲ ಚೀಲ ಸುರಿಯುವವನು ಬೇರೆ ಯಾರೋ ಹುಡುಗ. ಆದರೆ ಆ ಚೀಲದ ವಾಸನೆ ನನಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು? ಬಹುಶಃ ಒಂದು ಚೀಲ ಸುರಿದವಳು ನಾನೇ.

ಒಂಬತ್ತನೇ ತರಗತಿಯಲ್ಲಿ ನನಗೆ ಮೂರು ಟಿಕ್ ಬಂದವು. ವೇಸ್ಟ್ ಹಾಳೆಯ ನೋಟ್‌ಬುಕ್ಕುಗಳ ಬಗ್ಗೆ ಬರೆದಿದ್ದೆ. ಮೇಡಂ ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು. "ಇದು ಕಣ್ರೋ ಬದುಕು ಅಂದ್ರೆ. ನಿಮ್ಮ ಹತ್ರ ಏನಿದೆ? ಏಸಿ ಇದೆ." ಎಲ್ಲರೂ ನಕ್ಕರು. ನನ್ನ ಪಕ್ಕ ಕೂತಿದ್ದ ಹುಡುಗನೂ ನಕ್ಕ. ಅವನ ತಂದೆ ಅಪಾರ್ಟ್‌ಮೆಂಟ್ ಕಟ್ಟಿಸುವವರು. ಒಳ್ಳೆಯ ಹುಡುಗನೇ. ಅವರ ಕಾರು ಬರುವವರೆಗೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಅವನ ನೋಟ್‌ಬುಕ್ಕಿನಲ್ಲಿ ಎರಡು ಟಿಕ್ ಕೂಡ ಯಾವತ್ತೂ ಬರಲಿಲ್ಲ.

ಆವತ್ತಿನಿಂದ ನನಗೆ ಒಂದೇ ಗುರಿ. ಆ ಪುಟ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಇಂಥ ಮಗುವಿಗೆ ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟೇ ಕೊಡುತ್ತಾರೆ ಎಂದು ಮೇಡಂ ಅಪ್ಪನಿಗೆ ಹೇಳಿದ್ದರು. ಮೂರು ವರ್ಷ ನಾನು ಅದೊಂದನ್ನೇ ನಂಬಿಕೊಂಡು ಓದಿದೆ.

ಎರಡನೇ ಪಿಯುಸಿಯ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದೆ. ಗಂಜಿ ಸೀರೆಯ ಸದ್ದು. ಅಪ್ಪ ಎದ್ದು ನಿಂತರು. ಮೇಡಂ ಎರಡು ಹಾಳೆ ಕೊಟ್ಟು, "ಮೂರು ಸೆಟ್ಟು, ಅರ್ಜೆಂಟು. ಹತ್ತು ನಿಮಿಷದಲ್ಲಿ ಬಂದು ತಗೋತೀನಿ" ಎಂದು ಹಾಲಿನ ಬೂತಿನ ಕಡೆ ಹೋದರು. ನಾನು ಒಳಗೆ ಪೇಪರ್ ರೀಮುಗಳ ಹಿಂದೆ ಕೂತಿದ್ದದ್ದು ಅವರಿಗೆ ಕಾಣಲಿಲ್ಲ. ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು. ಹಾಗಾಗಿ ಏನನ್ನು ಬೇಕಾದರೂ ಅವರ ಕೈಗೆ ಕೊಡಬಹುದಿತ್ತು. ಎರಡನೇ ಪ್ರತಿ ಬರುವಾಗ ಮಿಷನ್ನಿನಲ್ಲಿ ಪೇಪರ್ ಸಿಕ್ಕಿಕೊಂಡಿತು. ಅಪ್ಪ ಮಿಷನ್ ನಿಲ್ಲಿಸಿ, ಗಾಜಿನ ಮೇಲಿದ್ದ ಹಾಳೆಯನ್ನೂ ಪಕ್ಕದಲ್ಲಿದ್ದ ಇನ್ನೊಂದನ್ನೂ ತೆಗೆದು "ಹಿಡ್ಕೋ" ಎಂದು ನನಗೆ ಕೊಟ್ಟರು.

ನಾನು ಪಾಠಕ್ಕೆ ಹೋಗುವ ಬೀದಿಯಲ್ಲಿ ಒಬ್ಬ ಅಂಗಡಿಯವನಿದ್ದಾನೆ, ಎಂದು ಶುರುವಾಗಿತ್ತು ಅದು. ತಾನು ಓದಲಾರದ್ದನ್ನು ದಿನವಿಡೀ ನಕಲು ಮಾಡುತ್ತಾನೆ. ಅವನಿಗೊಬ್ಬಳು ಮಗಳು. ಹಾಳಾದ ಹಾಳೆಗಳ ಬೆನ್ನ ಮೇಲೆ ಬರೆಯುತ್ತಾಳೆ, ಮುಂಬದಿಯಲ್ಲಿ ಏನಿದೆ ಎಂದು ಅವಳಿಗೆ ತಿಳಿಯದು. ಒಂದು ಸಂಜೆ ನಾನು ಅವಳ ಪಕ್ಕ ಕೂತು ಓದಲು ಕಲಿಸಿದೆ.

ಕೆಳಗೆ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಆ ಹುಡುಗನ ಹೆಸರು. ಕೊನೆಯಲ್ಲಿ ಅವನು ಒಂದು ಬದಿ ಖಾಲಿಯಿರುವ ಹಾಳೆಗಳನ್ನು ಕೂಡಿಸಿ ಬಡ ಮಕ್ಕಳಿಗೆ ನೋಟ್‌ಬುಕ್ ಹಂಚುವ ಸಂಘ ಕಟ್ಟಿದ್ದ. ಅಪ್ಪನ ಸೂಜಿ ದಾರವೂ ಅದರಲ್ಲಿತ್ತು.

ಹಾಳೆ ಹಿಡಿದುಕೊಂಡೇ ಮೇಲೆ ಹೋಗಿ ಕಾದು ನಿಂತೆ. ಮೇಡಂ ಬಂದರು.

"ಮೇಡಂ, ಇದು ನಂದು."

ಗಡಿಯಾರ ಮಣಿಕಟ್ಟಿಗೆ ಬಂತು. "ಕೂತ್ಕೋ."

"ಇದು ನಮ್ಮಪ್ಪ."

"ನಿಮ್ಮಪ್ಪನ ಹೆಸರೆಲ್ಲಿದೆ ತೋರ್ಸು. ನಿನ್ನ ಹೆಸರಿದೆಯಾ? ಒಬ್ಬ ಅಂಗಡಿಯವನು, ಒಬ್ಬಳು ಹುಡುಗಿ. ಬೆಂಗಳೂರಲ್ಲಿ ಜೆರಾಕ್ಸ್ ಅಂಗಡಿ ನಿಮ್ಮದೊಂದೇನಾ?"

"ಅವನು ನನಗೆ ಓದೋಕ್ಕೆ ಕಲಿಸ್ಲಿಲ್ಲ."

"ನೋಡು ಪುಟ್ಟಿ." ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದರು. "ಪೂರ್ತಿ ಸ್ಕಾಲರ್‌ಶಿಪ್ ಇಲ್ದೇ ನೀನು ಹೋಗೋಕ್ಕಾಗಲ್ಲ. ಪೂರ್ತಿ ಕೇಳೋ ಮಕ್ಕಳನ್ನ ಅಲ್ಲಿ ಜರಡಿ ಹಿಡೀತಾರೆ. ನಿನಗೆ ಸಿಗಲ್ಲ ಅಂತ ನನಗೆ ಈಗ ಗೊತ್ತಾಗ್ತಿದೆ. ಅವನಿಗೆ ಕಥೆ ಒಂದು ಇಲ್ಲ, ಬಾಕಿ ಎಲ್ಲಾ ಇದೆ. ಅಷ್ಟು ಒಳ್ಳೇ ಕಥೆ ಬೀರುನಲ್ಲೇ ಕೊಳೀಬೇಕಾ?"

"ನಾನೇನು ಬರೀಲಿ ಮತ್ತೆ?"

"ಕೆರೆ ಬರಿ. ಫೋಟೋನೂ ಇದೆಯಲ್ಲ."

ಈ ಮಾತುಗಳು ಹೀಗೇ ನಡೆದವೇ? ಆವತ್ತಿನ ದಿನಚರಿಯಲ್ಲಿರುವುದು ಒಂದೇ ಸಾಲು: "ಮೇಡಂ ಕೆರೆ ಬರಿ ಅಂದರು." ಉಳಿದದ್ದನ್ನು ಇಷ್ಟು ವರ್ಷ ಉಜ್ಜಿ ಉಜ್ಜಿ ನಾನೇ ಹೊಳಪು ಮಾಡಿರಬಹುದು. ಆದರೆ ಕೆರೆ ಬರಿ ಎಂದದ್ದು ನಿಜ. ನಾನು ಬರೆದದ್ದೂ ನಿಜ. ಅಷ್ಟು ಪ್ರತಿಭಟಿಸಿದವ‌ಳು ಕೂತು, ಮಡಿವಾಳ ಕೆರೆಯ ಕಸ ನನ್ನ ಬದುಕನ್ನು ಹೇಗೆ ಬದಲಿಸಿತು ಎಂದು ಎರಡು ಪುಟ ಬರೆದು ಕಳಿಸಿದೆ.

ಅವನಿಗೆ ಸಿಕ್ಕಿತು. ನನಗೆ ವಿಷಾದ ಸೂಚಿಸುವ ಪತ್ರ ಬಂತು. ಮೇಡಂ ಓಣಿಗೆಲ್ಲ ಪೇಡಾ ಹಂಚಿದರು. ಅಪ್ಪನಿಗೂ ಎರಡು ಕೊಟ್ಟರು. ಅಪ್ಪ ತಿಂದರು.

ಆ ವಿಶ್ವವಿದ್ಯಾಲಯಕ್ಕೆ ನಾನು ಒಂದು ದೂರು ಬರೆದೆ. ಎಲ್ಲವನ್ನೂ ಬರೆದು, ಲಕೋಟೆಯ ಮೇಲೆ ವಿಳಾಸವನ್ನೂ ಬರೆದೆ. ಮರುದಿನ ಮೇಡಂ ಅಂಗಡಿಗೆ ಬಂದು, "ಜೆರಾಕ್ಸ್‌ನೋರೇ, ಕರಾರು ಮುಗೀತಾ ಬಂತಲ್ಲ. ಹೊಸದು ಮಾಡ್ಸೋಣ್ವೋ ಹೇಗೆ?" ಎಂದರು. ಹಾಗೆನ್ನುವಾಗ ನನ್ನನ್ನು ನೋಡಿದರು. ಅಥವಾ ನನ್ನ ಹಿಂದಿನ ಕ್ಯಾಲೆಂಡರ್ ನೋಡಿದರು. ಇವತ್ತಿಗೂ ಖಚಿತವಿಲ್ಲ. ಲಕೋಟೆಯನ್ನು ಹರಿದು ವೇಸ್ಟ್ ಡಬ್ಬಕ್ಕೆ ಹಾಕಿದೆ. ಆಮೇಲೆ ನಾನು ತೀರಿಸಿಕೊಂಡ ಸೇಡೆಲ್ಲ ತೀರಾ ಚಿಲ್ಲರೆ. ಅವರ ಸೆಟ್ಟುಗಳಲ್ಲಿ ಒಂದು ಹಾಳೆ ತಲೆಕೆಳಗೆ ಇಡುವುದು, ಪಿನ್ನನ್ನು ಬೇಕೆಂದೇ ಅಕ್ಷರದ ಮೇಲೆ ಹೊಡೆಯುವುದು. ಬೈಸಿಕೊಂಡವರು ಅಪ್ಪ.

ಇಲ್ಲೇ ಬಿ.ಎ. ಮಾಡಿದೆ, ಎಂ.ಎ. ಮಾಡಿದೆ, ಕೆಲಸ ಸಿಕ್ಕಿತು. ಬದುಕು ಕೆಟ್ಟಿಲ್ಲ. ಕೆಟ್ಟಿದ್ದರೆ ಈ ಸಿಟ್ಟಿಗೆ ಒಂದು ಮರ್ಯಾದೆಯಾದರೂ ಇರುತ್ತಿತ್ತು.

ಮೊನ್ನೆ ಅವರ ಮಗಳು ಬೀರು ತೆಗೆದು, "ನಿನ್ನ ನೋಟ್‌ಬುಕ್ ಸಿಕ್ತು, ತಗೋ. ಪೂರಾ ಧೂಳು" ಎಂದು ಕೊಟ್ಟರು. ಬಸ್ಸಿನಲ್ಲಿ ಕೂತು ಆ ಪುಟ ತೆಗೆದೆ. ಸೇಡಿಗೆ ದಾಖಲೆ ಸಿಕ್ಕಿತು ಎಂಬ ಖುಷಿ. ಪುಟ ಹಾಗೇ ಇತ್ತು. ನಾನು ಇಂಗ್ಲಿಷಿನಲ್ಲಿ ಅಪ್ಪನ ಹೆಸರು ಬರೆದಿದ್ದೆ. ಅದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಕೆಂಪು ಅಕ್ಷರ: "ಹೆಸರು ಬೇಡ. ಅಲ್ಲಿಯವರ ನಾಲಿಗೆ ತೊಡರುತ್ತೆ." ನೋಟ್‌ಬುಕ್ ಹೊಲಿಯುವ ವಿಷಯಕ್ಕೆ ಪುಟ ಮುಗಿದಿತ್ತು. ಅದರ ಕೆಳಗೆ "ಆಮೇಲೆ?" ಎಂದಿತ್ತು. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ, ಬೇರೆ ಶಾಯಿಯಲ್ಲಿ, ಎರಡು ಸಾಲು: ನನ್ನ ತಂದೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ತಾನು ನಕಲು ಮಾಡುವುದು ಏನೆಂದು ಅವರಿಗೆ ತಿಳಿಯದು.

ಮೂರು ಟಿಕ್ ಇದ್ದದ್ದು ಆ ಎರಡು ಸಾಲಿನ ಪಕ್ಕದಲ್ಲಿ.

ನಾಲ್ಕು ಪುಟ ಆಚೆಗೆ ಇನ್ನೊಂದು ಶನಿವಾರ. ಕಾರಿಗೆ ಕಾಯುತ್ತಿದ್ದ ಹುಡುಗ ಕ್ರಯಪತ್ರದಲ್ಲಿದ್ದ ಒಂದು ಕಷ್ಟದ ಇಂಗ್ಲಿಷ್ ಪದದ ಅರ್ಥ ಹೇಳಿದ, ನನಗೆ ಸಂತೋಷವಾಯಿತು ಎಂದು ಬರೆದಿದ್ದೇನೆ. ಅಂದರೆ ಒಂದು ಸಂಜೆ ಅವನು ನನ್ನ ಪಕ್ಕ ಕೂತದ್ದು ನಿಜ. ಒಂದು ಪದದ ಮಟ್ಟಿಗೆ ಕಲಿಸಿದ್ದೂ ನಿಜ. ಇದನ್ನು ಮುಚ್ಚಿಡಬಹುದಿತ್ತು. ಮುಚ್ಚಿಟ್ಟರೆ ನಾನೂ ಮೇಡಂ ಶಿಷ್ಯೆಯೇ ಆಗಿಬಿಡುತ್ತೇನೆ.

ಇಷ್ಟನ್ನು ಬರೆದು ಪ್ರಿಂಟ್ ತೆಗೆಯಲು ಅಪ್ಪನಿಗೆ ಕೊಟ್ಟೆ. ಕೆಳಗಿನದು ಆಮೇಲೆ ಸೇರಿಸಿದ್ದು.

ಅಪ್ಪ ಕನ್ನಡಕ ಹಾಕಿಕೊಂಡು, ಮಿಷನ್ನಿಗೆ ಒರಗಿ ನಿಂತು, ತುಟಿ ಅಲ್ಲಾಡಿಸುತ್ತ ಕೊನೆಯವರೆಗೆ ಓದಿದರು. ಓದಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇದು ಸರಿಯಿಲ್ಲ. ಅವತ್ತು ಪೇಪರ್ ಸಿಕ್ಕಾಕ್ಕೊಂಡಿರ್ಲಿಲ್ಲ."

"ಸಿಕ್ಕಾಕ್ಕೊಂಡಿತ್ತಲ್ಲಪ್ಪ. ನೀವು ನಿಲ್ಲಿಸಿ ನನಗೆ ಹಿಡ್ಕೋ ಅಂದ್ರಿ."

"ನಿಲ್ಸಿದ್ದು ನಾನು. ಪೇಪರ್ ಏನೂ ಆಗಿರ್ಲಿಲ್ಲ. ಮೊದಲನೇ ಕಾಪಿ ಬರುವಾಗಲೇ ಓದ್ದೆ."

"ಓದಿದ್ರಾ? ಇಂಗ್ಲಿಷಾ?"

"ಪಿಯುಸಿವರೆಗೆ ಓದಿದೀನಿ ಕಣೇ. ಮಾತಾಡೋಕ್ಕೆ ಬರಲ್ಲ, ಓದೋಕ್ಕೆ ನಿಧಾನಕ್ಕೆ ಬರುತ್ತೆ. ಚಿಕ್ಕೋಳಿದ್ದಾಗ ಔಷಧಿ ಬಾಟ್ಲಿ ಮೇಲಿರೋದನ್ನ ಓದಿ ಹೇಳ್ತಿದ್ನಲ್ಲ, ಮರ್ತೋಯ್ತಾ?"

ಮರೆತಿರಲಿಲ್ಲ. ಬೇರೆ ಶಾಯಿಯಲ್ಲಿ ಎರಡು ಸಾಲು ಬರೆದ ದಿನವೂ ಅಪ್ಪನಿಗೆ ಓದಲು ಬರುವುದು ನನಗೆ ನೆನಪಿತ್ತು ಎಂದು ಕಾಣುತ್ತದೆ. ಬರೆದ ಮೇಲೆ, ಮೂರು ಟಿಕ್ ಬಂದ ಮೇಲೆ, ಮರೆತೆ. ಎಷ್ಟು ಚೆನ್ನಾಗಿ ಮರೆತೆನೆಂದರೆ ಈ ಬರಹದಲ್ಲೂ, ದಾಖಲೆ ಕೈಯಲ್ಲಿಟ್ಟುಕೊಂಡು, ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು ಎಂದೇ ಬರೆದಿದ್ದೇನೆ. ಆ ಸಾಲನ್ನು ಹೊಡೆದು ಹಾಕಿಲ್ಲ, ಮೇಲೆ ಹಾಗೇ ಇದೆ.

"ಮತ್ತೆ ಯಾಕೆ ನನ್ನ ಕೈಗೆ ಕೊಟ್ರಿ?"

"ನಿನ್ನ ಮುಖ ನೋಡೋಣ ಅಂತ. ನೀನೇ ಆ ಹುಡುಗನಿಗೆ ಕೊಟ್ಟಿದ್ಯೋ, ಆಯಮ್ಮ ತಗೊಂಡಿದ್ದೋ ಗೊತ್ತಾಗ್ಬೇಕಿತ್ತು. ನೀನು ಮೆಟ್ಟಿಲು ಹತ್ತಿದ್ದು ನೋಡಿ, ಕದ್ದಿದ್ದು ಆಯಮ್ಮ ಅಂತ ಗೊತ್ತಾಯ್ತು."

ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ಓದೋಕ್ಕೆ ಬರಲ್ಲ ಅನ್ನೋದು ಮಾತ್ರ ಆಯಮ್ಮಂದಲ್ಲ, ನಿಂದೇ ಅಂತಾನೂ ಗೊತ್ತಾಯ್ತು. ಆಯಮ್ಮನಿಗೆ ಹೇಗೆ ಗೊತ್ತಾಗ್ಬೇಕು ಅದು? ಯಾವತ್ತೂ ಕೇಳೇ ಇಲ್ಲ."

"ಅಪ್ಪ, ನಾನು..."

"ಹೋಗ್ಲಿ ಬಿಡು. ಎಷ್ಟು ವಯಸ್ಸು ನಿನಗೆ ಆಗ."

ಹೋಗಲಿ ಬಿಡು ಎಂದದ್ದು ನನಗೆ, ಮೇಡಂಗಲ್ಲ. ನಾನೂ ಬಿಟ್ಟಿಲ್ಲ. ಈ ಹೊಸ ಸಂಗತಿ ತಿಳಿದ ಮೇಲೆ ನನ್ನ ಸಿಟ್ಟು ಅರ್ಧವಾಗಬೇಕಿತ್ತು, ಅಪರಾಧದಲ್ಲಿ ಅರ್ಧ ನನ್ನದಾಯಿತಲ್ಲ. ಆಗಲಿಲ್ಲ. ಕಥೆ ಕದ್ದದ್ದನ್ನಾದರೂ ಮರೆಯಬಹುದಿತ್ತೇನೋ. ಹದಿನಾಲ್ಕು ವರ್ಷದ ಹುಡುಗಿಯ ಕೈಯಲ್ಲಿ ಅವಳ ಅಪ್ಪನ ಓದನ್ನು ಅಳಿಸಿಹಾಕಿಸಿ, ಪಕ್ಕದಲ್ಲಿ ಮೂರು ಟಿಕ್ ಹಾಕಿದ್ದನ್ನು ಮರೆಯುವುದಿಲ್ಲ. ಅಷ್ಟು ವರ್ಷ ಅಪ್ಪ ಅವರೆದುರು ಎದ್ದು ನಿಲ್ಲುತ್ತಿದ್ದದ್ದು ಎಲ್ಲವನ್ನೂ ಓದಿಕೊಂಡೇ. ಪೇಡಾ ತಿಂದದ್ದೂ ಓದಿಕೊಂಡೇ.

ಈ ಪುಸ್ತಕಕ್ಕೆ ಆ ಹುಡುಗನೂ ಅಲ್ಲಿಂದ ಎರಡು ಪುಟ ಕಳಿಸಿದ್ದಾನೆ. ಪ್ರಿಂಟಿಗೆ ನಮ್ಮಲ್ಲಿಗೇ ಬಂದಿದೆ. ಸತ್ಯವನ್ನು ಬರೆಯುವ ಧೈರ್ಯವನ್ನು ತನಗೆ ಮೇಡಂ ಕಲಿಸಿದರಂತೆ. ಎಲ್ಲರೂ ಇಂಗ್ಲಿಷಿನಲ್ಲೇ ಬರೆದಿದ್ದಾರೆ. ನಾನು ಬೇಕೆಂದೇ ಕನ್ನಡದಲ್ಲಿ ಬರೆದೆ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಈಗಲೂ ಬಾರದು ಎಂದುಕೊಂಡಿದ್ದೇನೆ. ಯಾರಾದರೂ ಪಕ್ಕದಲ್ಲಿ ಕೂತು ಅವನಿಗೆ ಓದಿ ಹೇಳಲಿ.

ಇನ್ನು ಹೆಸರಿನ ಮಾತು. ಮೇಡಂ ಹೆಸರು ಉಳಿದ ಎಲ್ಲ ಪುಟಗಳಲ್ಲಿ ಇನಿಷಿಯಲ್ ಸಮೇತ ಇದೆ. ನನ್ನ ಪುಟಗಳಲ್ಲಿ ಇರುವುದಿಲ್ಲ. ಅವರು ಒಬ್ಬ ಮೇಡಂ, ಬೆಂಗಳೂರಿನಲ್ಲಿ ಎಷ್ಟೋ ಜನ ಮೇಡಂ ಇದ್ದಾರೆ. ಇಲ್ಲಿ ಇರುವುದು ಒಂದೇ ಹೆಸರು. ಅವರ ಶೆಡ್ಡಿನಲ್ಲಿ ಅಷ್ಟು ವರ್ಷ ಅಂಗಡಿ ನಡೆಸಿದ, ಈ ಪುಸ್ತಕವನ್ನು ಪ್ರಿಂಟ್ ಹಾಕಿ ಬೈಂಡ್ ಮಾಡಿದ, ನನ್ನ ತಂದೆಯ ಹೆಸರು ಶಿವನಂಜಪ್ಪ.

ಸೇರಿಸಿದ್ದನ್ನೂ ಅಪ್ಪ ಓದಿದರು. ತಮ್ಮ ಹೆಸರು ಬಂದಲ್ಲಿ ಒಂದು ಕ್ಷಣ ನಿಂತು ಮುಂದಕ್ಕೆ ಹೋದರು. ಎಲ್ಲರ ಪುಟಗಳನ್ನೂ ಮೇಜಿನ ಮೇಲೆ ಜೋಡಿಸಿಕೊಂಡರು.

"ಸ್ಪೈರಲ್ ಹಾಕಿ ಅಂದಿದ್ದಾರೆ ಮೇಡಂ ಮಗಳು" ಎಂದೆ. "ನಾಳೆ ಬೆಳಿಗ್ಗೆ ಬಂದು ತಗೋತಾರಂತೆ."

"ಸ್ಪೈರಲ್ ಬೇಡ. ಬೇಡದ ಹಾಳೇನ ಆರಾಮಾಗಿ ಎಳೆದು ತೆಗೀಬಹುದು." ಡ್ರಾಯರಿನಿಂದ ಸೂಜಿ, ದಪ್ಪ ದಾರ ತೆಗೆದರು. ದೊಡ್ಡ ಹಾಳೆಯೊಂದನ್ನು ಮಧ್ಯಕ್ಕೆ ಮಡಚಿ, ಉಗುರಿನಿಂದ ಗೀರಿ ನನಗೆ ತೋರಿಸಿದರು. "ಒಂದೇ ಹಾಳೇಲಿ ಈ ಕಡೆ ಅರ್ಧ ನಿಂದು ಪ್ರಿಂಟ್ ಹಾಕ್ತೀನಿ, ಆ ಕಡೆ ಅರ್ಧ ಆ ಹುಡುಗಂದು. ಹೊಲಿದುಬಿಡ್ತೀನಿ. ನಿಂದು ಕಿತ್ತಾಕಿದ್ರೆ ಅವಂದೂ ಉದುರುತ್ತೆ."